ಬೂದಿ ಎಳೆದ ಗುಲಾಬಿ ಕಲ್ಲು

“ಮಾಣಿಕ್ಯ ಅಂದ್ರ ಹಿಂಗಿರತೈತೇನ? ಯಾರರೆ ನಂಬ್ತಾರೇನ ಇದನ್ನ?”

ಗಿರಿಜಾ ಕಲ್ಲನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದಳು. ಆಮೇಲೆ ದೂರ ಹಿಡಿದು ನೋಡಿದಳು. ಊಟದ ಸೂಟಿಯ ಹೊತ್ತು. ಬನವಾಸಿ ಶಾಲೆಯ ಹಿಂದಿನ ಜಗಲಿಯಲ್ಲಿ ಐದನೇ ಇಯತ್ತೆಯ ಮಕ್ಕಳೆಲ್ಲ ಅವಳ ಸುತ್ತ ಮುತ್ತಿಕೊಂಡಿದ್ದರು.

“ಮಾಣಿಕ್ಯನೇ,” ಎಂದಳು ನೀಲಗಂಗಾ. “ನಮ್ಮಪ್ಪ ಮಿಲ್ಟ್ರಿಯೊಳಗ ಇದ್ದಾಗ ಇಟಲಿ ದೇಶದ ರಾಜ ಕೊಟ್ಟಿದ್ದು. ಶಹಬ್ಬಾಸ್ ಅಂತ ಬೆನ್ನು ತಟ್ಟಿ ಕೊಟ್ಟಿದ್ದು.”

ಹೇಳಿದ ಮೇಲೆ ಅವಳಿಗೇ ಸ್ವಲ್ಪ ಹೆದರಿಕೆಯಾಯಿತು. ಅಪ್ಪ ಯಾವತ್ತೂ ರಾಜನ ಮಾತು ಎತ್ತಿದವನಲ್ಲ. ಆ ಕಲ್ಲು ಇಟಲಿಯಿಂದ ಬಂದದ್ದು ಅನ್ನುವುದನ್ನು ಬಿಟ್ಟು ಅವನು ಬೇರೇನೂ ಹೇಳಿರಲಿಲ್ಲ. ಆದರೆ ಚೀನಾದ ಜೊತೆ ಯುದ್ಧವಾದಾಗಿನಿಂದ ಶಾಲೆಯಲ್ಲಿ ಎಲ್ಲರದೂ ಸಿಪಾಯಿಗಳ ಮಾತೇ. ಒಬ್ಬನ ಸೋದರಮಾವ ಗಡಿಯ ಕಡೆಯ ತೇಜಪುರಕ್ಕೆ ಹೋಗಿ ಬಂದಿದ್ದನಂತೆ, ಇನ್ನೊಬ್ಬನ ದೊಡ್ಡಪ್ಪ ವಿಮಾನವನ್ನು ಕೈಯಿಂದ ಮುಟ್ಟಿದ್ದನಂತೆ. ಊರಿಗೆಲ್ಲ ‘ಮಿಲ್ಟ್ರಿ ಅಂದಾನಪ್ಪ’ ಅಂತಲೇ ಹೆಸರಾದವನ ಮಗಳು ಸುಮ್ಮನಿರುವುದು ಹೇಗೆ?

ಕಲ್ಲು ಕಿರುಬೆರಳಿನಷ್ಟು ಉದ್ದವಿತ್ತು. ಪೂರ್ತಿ ದುಂಡಗೂ ಇಲ್ಲ, ಚಪ್ಪಟೆಯೂ ಅಲ್ಲ, ಮೂರು ಮಗ್ಗುಲು ಇದ್ದಂತೆ ಕಾಣುತ್ತಿತ್ತು. ಮೈಮೇಲೆ ಉದ್ದಕ್ಕೂ ಬಾಚಣಿಗೆ ಎಳೆದಂಥ ಸಣ್ಣ ಗೆರೆಗಳು. ಬಣ್ಣ ಮಾತ್ರ ತಿಳಿ ಗುಲಾಬಿ. ಆಗತಾನೆ ಅರಳಿದ ತಾವರೆಯ ಎಸಳಿನ ಹಾಗೆ.

“ನಮ್ಮಜ್ಜಿ ಮೂಗುತಿಯೊಳಗ ಮಾಣಿಕ್ಯ ಐತಿ,” ಎಂದಳು ಗಿರಿಜಾ. ಅವಳಪ್ಪನಿಗೆ ಪ್ಯಾಟೆಯಲ್ಲಿ ಅರಿವೆ ಅಂಗಡಿ. “ದಾಳಿಂಬ್ರಿ ಕಾಳಿನಂಗ ಕೆಂಪಗ ಇರತೈತಿ. ಇದು ಬಳಿ ಗಾಜು. ಯಾರೋ ನಿಮ್ಮಪ್ಪಗ ಟೋಪಿ ಹಾಕ್ಯಾರ.”

ಎಲ್ಲರೂ ನಕ್ಕರು. ನೀಲಾಳ ಕಿವಿ ಬಿಸಿಯಾಯಿತು.

“ಜಗಳ ಯಾಕ? ಒಂದು ಕೆಲಸ ಮಾಡೂಣು,” ಎಂದು ಮಧುಕೇಶ್ವರ ಮುಂದೆ ಬಂದ. ಯಾವ ತಕರಾರು ಎದ್ದರೂ ಪರೀಕ್ಷೆ ಮಾಡಿಯೇ ತೀರಬೇಕು ಅನ್ನುವ ಹುಡುಗ ಅವನು. “ಖರೇ ರತ್ನ ಸುತ್ತಿಗಿಲೆ ಹೊಡದರೂ ಒಡಿಯೂದಿಲ್ಲಂತ. ಹೊಡದು ನೋಡೂಣು. ಒಡೀಲಿಲ್ಲ ಅಂದ್ರ ಮಾಣಿಕ್ಯ. ಒಡೀತು ಅಂದ್ರ ಗಾಜು.”

“ಹೊಡಿ, ಹೊಡಿ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಬೇಡ ಅನ್ನಬಹುದಿತ್ತು. ಕಲ್ಲನ್ನು ಕಿತ್ತುಕೊಂಡು ಓಡಬಹುದಿತ್ತು. ಆದರೆ ಓಡಿದರೆ ಅದು ಗಾಜೇ ಎಂದು ಒಪ್ಪಿಕೊಂಡ ಹಾಗೆ.

“ಹೊಡಿಯೂಣು, ಏನಾಗತೈತಿ,” ಎಂದಳು ನೀಲಾ. “ಆದ್ರ ನಾನ ಹೊಡೀತೀನಿ. ಯಾರೂ ಕೈ ಹಚ್ಚಬ್ಯಾಡ್ರಿ.”

ಶಾಲೆಯ ಗಂಟೆ ಅಂದರೆ ತೂಗುಹಾಕಿದ ರೈಲುಕಂಬಿಯ ತುಂಡು. ಅದನ್ನು ಬಾರಿಸುವ ಕಬ್ಬಿಣದ ಸರಳನ್ನು ಮಧು ಓಡಿಹೋಗಿ ತಂದ. ನೀಲಾ ಕಲ್ಲನ್ನು ಮೆಟ್ಟಿಲ ಮೇಲಿಟ್ಟಳು. ಒಮ್ಮೆ ಮೆಲ್ಲಗೆ ತಟ್ಟಿದಳು. ಏನೂ ಆಗಲಿಲ್ಲ.

“ಅದು ಹೊಡದಂಗಲ್ಲ, ಮುದ್ದು ಮಾಡಿದಂಗ!” ಎಂದು ಗಿರಿಜಾ ನಕ್ಕಳು.

ನೀಲಾ ಸರಳನ್ನು ಎತ್ತಿ ಹೊಡೆದಳು.

ಟಕ್ ಎಂದಿತು. ಕಲ್ಲಿನ ತುದಿ ಹಾರಿ ಜಗಲಿಯ ಗೋಡೆಗೆ ಬಡಿದು ಕೆಳಗೆ ಉರುಳಿತು.

ಯಾರೂ ನಗಲಿಲ್ಲ. ಗಿರಿಜಾಳ ಮುಖವೂ ಸಣ್ಣದಾಯಿತು. “ಗಾಜು,” ಎಂದ ಮಧು, ಬಹಳ ಮೆಲ್ಲನೆ.

ನೀಲಾ ದೊಡ್ಡ ತುಂಡನ್ನೂ ಕಡಲೆಕಾಳಿನಷ್ಟಿದ್ದ ಚೂರನ್ನೂ ಹೆಕ್ಕಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಂದು ಮಧ್ಯಾಹ್ನ ಮಾಸ್ತರು ಕಲಿಸಿದ ಲೆಕ್ಕದಲ್ಲಿ ಒಂದಾದರೂ ಅವಳ ತಲೆಗೆ ಹೋಗಲಿಲ್ಲ.

ಕಲ್ಲು ಇರುತ್ತಿದ್ದದ್ದು ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ, ಒಂದು ಖಾಕಿ ಬಟ್ಟೆಯ ಗಂಟಿನೊಳಗೆ. ಅದನ್ನು ಅವಳು ಕೇಳದೆ ತೆಗೆದುಕೊಂಡು ಬಂದಿದ್ದಳು. ಅಪ್ಪ ಈಗ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದ. ಆ ದಿನ ಶಿರಸಿಗೆ ಹೋಗಿದ್ದವನು ಬರುವುದು ದೀಪ ಹಚ್ಚುವ ಹೊತ್ತಿಗೇ.

ಮನೆಗೆ ಬಂದವಳೇ ನೀಲಾ ಅನ್ನದ ಅಗುಳನ್ನು ಹಿಸುಕಿ ಚೂರನ್ನು ಅಂಟಿಸಲು ನೋಡಿದಳು. ಗಾಳಿಪಟಕ್ಕೆ ಎಷ್ಟು ಚೆನ್ನಾಗಿ ಅಂಟುವ ಅನ್ನ, ಕಲ್ಲಿಗೆ ಅಂಟಲೇ ಇಲ್ಲ. ಬಿಟ್ಟ ಕೂಡಲೇ ಚೂರು ಜಾರಿ ಬಿತ್ತು. ಕೊನೆಗೆ ದೊಡ್ಡ ತುಂಡನ್ನು ತೊಳೆದು, ಒರೆಸಿ, ಒಡೆದ ಕಡೆ ಒಳಗೆ ಹೋಗುವಂತೆ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟಳು.

ಚೂರನ್ನು ಏನು ಮಾಡುವುದು? ಅಂಗಳದಲ್ಲಿ ಅವ್ವನ ಬಳೆಯ ಸದ್ದು ಕೇಳಿತು. ನೀಲಾ ಅದನ್ನು ಅಡಿಗೆಮನೆಯ ಒಲೆಕಟ್ಟೆಯ ಬಿರುಕಿನಲ್ಲಿ ತುರುಕಿದಳು.

ಆ ಸಂಜೆ ಅಪ್ಪ ಬಂದ. ಶಿರಸಿಯಿಂದ ತಂದ ಖಾರ ಶೇಂಗಾದ ಪೊಟ್ಟಣ ಕೊಟ್ಟ. ನೀಲಾ ಅದನ್ನು ಬಿಚ್ಚದೆಯೇ ಮೂಲೆಯಲ್ಲಿಟ್ಟಳು.

“ಯಾಕ ನೀಲವ್ವಾ, ಜ್ವರ ಬಂದಾವೇನ?” ಎಂದು ಅವ್ವ ಹಣೆ ಮುಟ್ಟಿ ನೋಡಿದಳು.

“ಇಲ್ಲ,” ಎಂದು ನೀಲಾ ಮುಸುಕೆಳೆದು ಮಲಗಿದಳು.

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿದು ಮುಗಿಸಿ ನೀರಿಗೆ ಹೋದಳು. ನೀಲಾ ಒಲೆಯ ಮುಂದೆ ಕುಳಿತು ಬಿರುಕಿನಲ್ಲಿ ಕಡ್ಡಿ ಹಾಕಿ ಚೂರನ್ನು ಹೊರತೆಗೆದಳು. ಅದು ಬೆಚ್ಚಗಿತ್ತು. ಆದರೆ ಗುಲಾಬಿ ಬಣ್ಣ ಎಲ್ಲಿ? ಮೈತುಂಬ ಬೂದಿ ಮೆತ್ತಿಕೊಂಡು ಅದು ಇಲಿಮರಿಯ ಹಾಗೆ ಕಾಣುತ್ತಿತ್ತು.

ಲಂಗದ ಅಂಚಿನಿಂದ ಒರೆಸಿ ಒಲೆಕಟ್ಟೆಯ ಮೇಲಿಟ್ಟಳು. ನೋಡುತ್ತಿದ್ದ ಹಾಗೆಯೇ ಪಕ್ಕದಲ್ಲಿದ್ದ ಬೂದಿಯ ಒಂದು ಹಗುರ ಚಕ್ಕೆ ಅಲುಗಾಡಿತು. ಚೂರಿಗೆ ಹೋಗಿ ಅಂಟಿಕೊಂಡಿತು.

ಗಾಳಿ ಇರಬೇಕು ಅಂದುಕೊಂಡಳು. ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ಉಸಿರು ಬಿಗಿಹಿಡಿದು ಚೂರನ್ನು ಮತ್ತೆ ಬೂದಿಯ ಹತ್ತಿರ ತಂದಳು. ಒಂದು ಚಕ್ಕೆ ಹಾರಿತು. ಇನ್ನೊಂದು ಹಾರಿತು. ಯಾರೋ ಕರೆದ ಹಾಗೆ, ಅವು ತಾವಾಗಿಯೇ ಎದ್ದು ಬರುತ್ತಿದ್ದವು.

ಪಕ್ಕದಲ್ಲಿ ಒಡೆದ ಗಾಜಿನ ಬಳೆಯ ಚೂರೊಂದು ಬಿದ್ದಿತ್ತು. ನೀಲಾ ಅದನ್ನೂ ಒಲೆಕಟ್ಟೆಯ ಮೇಲೆ ಬೆಚ್ಚಗೆ ಮಾಡಿ ಬೂದಿಯ ಹತ್ತಿರ ಹಿಡಿದಳು. ಬೂದಿ ಮಿಸುಕಲಿಲ್ಲ.

ಅವಳು ಹೆದರಿಕೆಯನ್ನೇ ಮರೆತುಬಿಟ್ಟಳು. ಇದು ಗಾಜಲ್ಲ! ಗಾಜಾಗಿದ್ದರೆ ಗಾಜಿನ ಹಾಗೆ ಇರಬೇಕಿತ್ತಲ್ಲ? ಹಾಗಾದರೆ ಏನು ಇದು?

ಅದನ್ನು ಕೇಳಬಹುದಾದವರು ಒಬ್ಬರೇ. ವಿಜ್ಞಾನ ಕಲಿಸುವ ಕಲ್ಲಯ್ಯ ಮಾಸ್ತರು. ಧಾರವಾಡದಲ್ಲಿ ಕಾಲೇಜು ಓದಿ ಬಂದವರು. ಪ್ರಶ್ನೆ ಕೇಳಿದರೆ ಬೈಯುವವರಲ್ಲ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳುವವರು.

ಶಾಲೆ ತುಂಬುವ ಮೊದಲೇ ನೀಲಾ ಅವರ ಮೇಜಿನ ಮುಂದೆ ನಿಂತಳು. “ಸರ್, ಒಂದು ಕಲ್ಲು ಬೂದಿ ಎಳಕೋತೈತ್ರಿ. ಯಾಕ್ರಿ?”

“ಬೂದಿ ಎಳಕೋತೈತಿ?” ಮಾಸ್ತರು ಹಾಜರಿ ಪುಸ್ತಕದಿಂದ ತಲೆಯೆತ್ತಿದರು. “ಯಾವಾಗ ಎಳಕೊಂಡಿತು? ತಣ್ಣಗಿದ್ದಾಗೋ, ಬಿಸಿ ಇದ್ದಾಗೋ?”

“ಬೆಚ್ಚಗಿದ್ದಾಗ್ರಿ. ಬಳಿ ಚೂರು ಎಳಕೊಳ್ಳಿಲ್ಲ. ಅದನ್ನೂ ಬೆಚ್ಚಗ ಮಾಡಿ ನೋಡೇನ್ರಿ.”

“ನೀ ಗಾಜನ್ನೂ ಇಟ್ಟು ನೋಡಿದೇನು?” ಮಾಸ್ತರು ಕನ್ನಡಕ ಸರಿಮಾಡಿಕೊಂಡು ಅವಳನ್ನೇ ಒಂದು ಗಳಿಗೆ ನೋಡಿದರು. “ಭಾಳ ಛಲೋ ಮಾಡಿದಿ. ಎಲ್ಲಿ, ತಗಿ ಆ ಕಲ್ಲು.”

ಅವರು ಪೆನ್ಸಿಲ್ ಕೆತ್ತುವ ಚಾಕು ತೆಗೆದು ಚೂರಿನ ಮೇಲೆ ಗೀರಿದರು. ಗೆರೆ ಮೂಡಲಿಲ್ಲ. ಚೂರನ್ನೇ ಹಿಡಿದು ಖಾಲಿ ಶಾಯಿ ದೌತಿಯ ಮೇಲೆ ಎಳೆದರು. ಕಿರ್ ಎಂದು ದೌತಿಯ ಗಾಜಿನ ಮೇಲೆ ಬಿಳಿಯ ಗೀರು ಬಿತ್ತು.

“ಚಾಕುವಿನಕಿಂತ ಗಟ್ಟಿ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. “ಏನಿರಬಹುದು ಅಂತ ಒಂದು ಅಂದಾಜು ಐತಿ ನನಗ. ಆದ್ರ ಇಷ್ಟರ ಮ್ಯಾಲೆ ಹೇಳಲಾರೆ. ಇದರ ದೊಡ್ಡ ತುಂಡು ಐತೇನು?”

ನೀಲಾ ನೆಲ ನೋಡಿದಳು. “ಐತ್ರಿ. ಅಪ್ಪನ ಟ್ರಂಕಿನ್ಯಾಗ.”

“ಹಂಗಾದ್ರ ಅಪ್ಪನ್ನ ಕೇಳಿ ತಗೊಂಡ ಬಾ. ಕೇಳಿ,” ಎಂದರು ಮಾಸ್ತರು. ಆ ಕೊನೆಯ ಮಾತನ್ನು ಅವರು ಯಾಕೆ ಎರಡನೇ ಸಲ ಹೇಳಿದರೋ. ಅವರಿಗೆ ಏನಾದರೂ ಗೊತ್ತಾಗಿತ್ತೋ ಏನೋ.

ಸಂಜೆ ಅಪ್ಪ ವರದಾ ನದಿಯ ದಂಡೆಯಲ್ಲಿ ಲಾರಿ ತೊಳೆಯುತ್ತಿದ್ದ. ಪಾಯಜಾಮವನ್ನು ಮೊಣಕಾಲಿನ ತನಕ ಮಡಚಿಕೊಂಡು, ಬಕೆಟ್ಟಿನಿಂದ ಗಾಲಿಗಳಿಗೆ ನೀರು ಎರಚುತ್ತಿದ್ದ. ಫೌಜು ಬಿಟ್ಟು ಎಷ್ಟೋ ವರ್ಷವಾದರೂ ಲಾರಿಯ ಮೇಲೆ ಒಂದು ಹನಿ ಕೆಸರು ಕಂಡರೆ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ನೀಲಾ ಹಿಂದಿನ ಗಾಲಿಯ ಹತ್ತಿರ ಬಹಳ ಹೊತ್ತು ನಿಂತಳು.

“ಅಲ್ಲಿ ನಿಂತು ಏನ್ ಮಾಡ್ತಿ? ಆ ಅರಿವಿ ಕೊಡಿಲ್ಲಿ,” ಎಂದ ಅಪ್ಪ.

ಅರಿವೆಯ ಬದಲು ನೀಲಾ ಮುಷ್ಟಿ ಮುಂದೆ ಹಿಡಿದು ಬಿಚ್ಚಿದಳು. ಅಂಗೈಯಲ್ಲಿ ಚೂರು ಸಂಜೆಯ ಬಿಸಿಲಿಗೆ ಮಿನುಗಿತು. ಅಪ್ಪನ ಕೈಯಲ್ಲಿದ್ದ ಬಕೆಟ್ಟು ಹಾಗೇ ನಿಂತಿತು.

“ನಾ ಒಡದೆ,” ಎಂದಳು ನೀಲಾ. ಮುಂದಿನ ಮಾತುಗಳು ಅಳುವಿನ ಜೊತೆ ಬಂದವು. “ನಿನ್ನ ಕೇಳದ ಒಯ್ದಿದ್ದೆ. ಅವರೆಲ್ಲ ಗಾಜು ಅಂದ್ರು. ಖರೇ ರತ್ನ ಒಡಿಯೂದಿಲ್ಲ ಅಂದ್ರು. ಅದಕ್ಕ ಸರಳು ತಗೊಂಡು ನಾನ ಹೊಡದೆ.”

ಅಪ್ಪ ಬಕೆಟ್ಟು ಕೆಳಗಿಟ್ಟ. ಚೂರನ್ನು ತೆಗೆದುಕೊಂಡು ಬೆರಳಿನಲ್ಲಿ ಹೊರಳಿಸಿ ನೋಡಿದ. ಮುಖ ಗಟ್ಟಿಯಾಗಿತ್ತು. ಬೈದುಬಿಟ್ಟರೆ ಚೆನ್ನಾಗಿತ್ತು ಅನ್ನಿಸಿತು ನೀಲಾಳಿಗೆ.

“ಕಣ್ಣಿಗೆ ಸಿಡೀಲಿಲ್ಲಲಾ? ಯಾರಿಗೂ ಪೆಟ್ಟಾಗಿಲ್ಲಲಾ?” ಎಂದು ಕೇಳಿದ ಕೊನೆಗೆ.

“ಇಲ್ಲ.” ಅವಳು ಮೂಗು ಒರೆಸಿಕೊಂಡಳು. “ಇನ್ನೊಂದು ಐತಿ. ಇಟಲಿ ರಾಜ ನಿನಗ ಕೊಟ್ಟಿದ್ದು ಅಂತ ಹೇಳಿದ್ದೆ.”

“ರಾಜ?” ಅಪ್ಪನ ಹುಬ್ಬು ಮೇಲೇರಿತು. ಅವನು ಇದ್ದಕ್ಕಿದ್ದಂತೆ ನಕ್ಕುಬಿಟ್ಟ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕ. “ಅಯ್ಯ ನನ್ನವ್ವಾ! ರಾಜ ಅಲ್ಲ. ನನಗ ಅದಕ್ಕ ಪನಿಶ್ಮೆಂಟ್ ಆಗಿತ್ತು!”

ಅವನು ಲಾರಿಯ ಫುಟ್‌ಬೋರ್ಡಿನ ಮೇಲೆ ಕುಳಿತ. ನೀಲಾಳನ್ನೂ ಪಕ್ಕದಲ್ಲಿ ಕೂರಿಸಿಕೊಂಡ.

“ಇಂಗ್ರೇಜರ ಕಾಲದ ಎರಡನೇ ಮಹಾಯುದ್ಧ ಅದು. ಇಟಲಿಯೊಳಗ ಒಂದು ಗುಡ್ಡದ ಊರು. ಅದರ ಹೆಸರು ಆಗಲೂ ನನ್ನ ನಾಲಿಗಿ ಮ್ಯಾಲೆ ಹೊರಳಲಿಲ್ಲ, ಈಗಲೂ ಹೊರಳೂದಿಲ್ಲ. ನಾ ರೇಷನ್ ಲಾರಿ ಓಡಸ್ತಿದ್ದೆ. ಎಲ್ಲಾ ಕಡೆ ಹಿಮ ಬಿದ್ದಿತ್ತು.”

“ಹಿಮ ಹೆಂಗಿರತೈತಿ?”

“ಅರಳಿ ಹಿಂಜಿ ಮ್ಯಾಲಿಂದ ಚೆಲ್ಲಿದಂಗ. ಆದ್ರ ಕೈ ಇಟ್ರ ಸುಡತೈತಿ. ಅಷ್ಟು ಥಂಡಿ.” ಅಪ್ಪ ನದಿಯ ಕಡೆ ನೋಡುತ್ತ ಹೇಳಿದ. “ದಾರ್ಯಾಗ ಒಬ್ಬ ಮುದುಕಿ ಕೈ ಅಡ್ಡ ಹಿಡದು ನಿಂತಿದ್ಲು. ಕರೀ ಅರಿವಿ ಹೊದ್ದಿದ್ಲು. ಹೆಗಲ ಮ್ಯಾಲೆ ಒಂದು ಹುಡುಗ, ಅಕಿ ಮೊಮ್ಮಗ. ಮೂರೋ ನಾಕೋ ವರ್ಷದಾವ ಇರಬೇಕು. ಮೈ ಕೆಂಡದಂಗ ಸುಡತಿತ್ತು, ಉಸರಾಡಿದ್ರ ಸುಂಯ್ ಸುಂಯ್ ಸಪ್ಪಳ. ಅಕಿ ಭಾಷಿ ನನಗ ಬರೂದಿಲ್ಲ, ನನ್ನದು ಅಕಿಗೆ ಬರೂದಿಲ್ಲ. ಊರ ಮಂದೀನ ಲಾರಿಯೊಳಗ ಹತ್ತಿಸ್ಕೋಬಾರದು ಅಂತ ಸಾಹೇಬರ ಆರ್ಡರ್ ಬ್ಯಾರೆ.”

“ನೀ ಏನ್ ಮಾಡ್ದಿ?”

“ಹತ್ತಿಸ್ಕೊಂಡೆ. ಮತ್ತೇನು ಮಾಡ್ಲಿ? ನಮ್ಮ ಮಿಲ್ಟ್ರಿ ಡಾಕ್ಟರ್ ಇದ್ದ ದವಾಖಾನಿ ಮುಂದ ಇಳಿಸಿದೆ. ರೇಷನ್ ತಡ ಆತು. ಯಾಕ ತಡ ಆತು ಅಂತ ಕೇಳಿದ್ರು, ಇದ್ದದ್ದು ಹೇಳಿದೆ. ಎಂಟು ದಿನ ಪೂರಾ ಪಲ್ಟಣಿನ ಅಡಿಗಿ ಪಾತ್ರೆ ತಿಕ್ಕಿಸಿದ್ರು ನನ್ನ ಕಡಿಂದ. ಥಂಡಿ ನೀರಾಗ.”

ನೀಲಾ ಅಪ್ಪನ ಕೈಗಳನ್ನು ನೋಡಿದಳು.

“ಕಡೀ ದಿನ ಪಾತ್ರೆ ತಿಕ್ಕಾಕತ್ತಿದ್ದೆ. ಅಕಿ ಅಲ್ಲಿಗೆ ಹುಡುಕ್ಕೊಂಡು ಬಂದ್ಲು. ಹುಡುಗನ ಕೈ ಹಿಡಕೊಂಡು ನಡಸ್ಕೊಂಡು ಬಂದ್ಲು. ಆವಾಗ ಈ ಕಲ್ಲು ನನ್ನ ಒದ್ದಿ ಕೈಯೊಳಗ ಇಟ್ಲು. ಅಕಿ ಗಂಡ ಸಮುದ್ರದಾಗಿನ ಒಂದು ನಡುಗಡ್ಡಿಯೊಳಗ ಗಣಿ ತೋಡ್ತಿದ್ನಂತ. ಅವನಿಗೆ ಸಿಕ್ಕಿದ್ದಂತ. ಇದನ್ನೆಲ್ಲ ಕೈಸನ್ನೀಲೆ ಹೇಳಿದ್ಲು. ಆಮ್ಯಾಲೆ ಕಲ್ಲು ತೋರ್ಸಿದ್ಲು, ಹುಡುಗನ ಗಲ್ಲ ತೋರ್ಸಿದ್ಲು. ಎರಡೂ ಒಂದ ಬಣ್ಣ ಇದ್ದವು. ಜ್ವರ ಬಿಟ್ಟು ಗಲ್ಲಕ್ಕ ರಂಗು ಬಂದಿತ್ತು ನೋಡು.”

“ಇದನ್ನ ಯಾಕ ನೀ ಯಾರಿಗೂ ಹೇಳಿಲ್ಲ? ಯಾವ ಕಲ್ಲಂತ ನೋಡಾಕ ದೊಡ್ಡ ತುಂಡು ತಗೊಂಡ ಬಾ ಅಂದಾರ ಕಲ್ಲಯ್ಯ ಮಾಸ್ತರು.”

“ಪಾತ್ರೆ ತಿಕ್ಕಿದ ಕತಿ ಏನಂತ ಹೇಳೂದು?” ಅಪ್ಪ ಎದ್ದು ಅರಿವೆ ಹಿಂಡಿದ. “ಅದು ಯಾವ ಕಲ್ಲು ಅಂತ ನಾ ಯಾರನ್ನೂ ಕೇಳೂ ಇಲ್ಲ. ಕೇಳಿ ಏನಾಗಬೇಕಿತ್ತು? ಆದ್ರ ನೀ ತಿಳ್ಕೋಬೇಕು ಅಂತಿದ್ರ ಮಾಸ್ತರಿಗೆ ತೋರ್ಸೂಣು. ನಾಳೆ ನಾನೂ ಬರ್ತೀನಿ.”

ಮರುದಿನ ವಿಜ್ಞಾನದ ಪಾಠದ ಹೊತ್ತಿಗೆ ಅಪ್ಪ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ವರ್ಗದ ಬಾಗಿಲಲ್ಲಿ ನಿಂತ.

“ಬರ್ರಿ ಅಂದಾನಪ್ಪನವರ, ಕುಂದರ್ರಿ,” ಎಂದು ಮಾಸ್ತರು ತಮ್ಮ ಕುರ್ಚಿಯನ್ನೇ ಕೊಟ್ಟರು. ಅಪ್ಪ ಕೂರಲಿಲ್ಲ. ಗೋಡೆಗೆ ಆತುಕೊಂಡು ನಿಂತ. ಖಾಕಿ ಬಟ್ಟೆಯ ಗಂಟನ್ನು ನೀಲಾಳ ಕೈಗೆ ಕೊಟ್ಟ. ನೀಲಾ ಅದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಳು.

ಮಾಸ್ತರು ಕಲ್ಲನ್ನು ಎತ್ತಿಕೊಂಡರು. ಕಿಟಕಿಯ ಹತ್ತಿರ ಹೋದರು. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸಣ್ಣ ಹುಡುಗನ ಹಾಗೆ ಹಿಗ್ಗಿ ತಿರುಗಿದರು.

“ಬರ್ರಿ, ಒಬ್ಬೊಬ್ಬರ ಬರ್ರಿ. ಮೊದಲು ಮಗ್ಗಲಿಂದ ನೋಡ್ರಿ. ಯಾವ ಬಣ್ಣ?”

“ತಿಳಿ ಗುಲಾಬಿರಿ,” ಎಂದ ಮಧು.

“ಈಗ ಹಿಂಗ, ತುದಿಯಿಂದ ಉದ್ದಕ್ಕ ನೋಡ್ರಿ.”

“ಅರೆ! ಈಗ ಬಣ್ಣ ದಟ್ಟ ಆತಲ್ರೀ ಸರ್!”

“ಒಂದ ಕಲ್ಲು. ಹಿಂಗ ನೋಡಿದ್ರ ಒಂದು ಬಣ್ಣ, ಹಂಗ ನೋಡಿದ್ರ ಇನ್ನೊಂದು. ಗಾಜಿನ ತುಂಡಿಗೆ ಈ ಆಟ ಬರೂದಿಲ್ಲ. ಇನ್ನು ಹೊಟ್ಟಿಯೊಳಗ ನೋಡ್ರಿ. ಗಾಜಿನೊಳಗ ಆಗಿದ್ರ ದುಂಡನೆ ಗುಳ್ಳಿ ಇರ್ತಿದ್ದವು. ಇಲ್ಲಿ ಕೂದಲೆಳಿಯಂಥ ಗೆರಿ ಅದಾವ, ಮಂಜು ಮುಸುಕಿದಂಥ ಕಲಿ ಐತಿ. ಭೂಮಿಯೊಳಗ ನಿಧಾನಕ್ಕ ಬೆಳಿಯೂ ಮುಂದ ಆದದ್ದು. ಮನಿಷ್ಯಾ ಮಾಡಿದ್ದಲ್ಲ. ಈ ಮೂರು ಮಗ್ಗಲು ಮನಿಷ್ಯಾ ಕಡದಿದ್ದಲ್ಲ, ಈ ಗೆರಿ ಮನಿಷ್ಯಾ ಕೊರದಿದ್ದಲ್ಲ. ಹುಟ್ಟಿದ್ದ ಹಿಂಗ.”

ದೊಡ್ಡ ಕಲ್ಲನ್ನು ಬಿಸಿ ಮಾಡಿದರೆ ಸೀಳು ಬಿಡಬಹುದು ಎಂದು ಮಾಸ್ತರು ಅದನ್ನು ಅರಿವೆಯ ಮೇಲೆಯೇ ಬಿಟ್ಟರು. ತಮ್ಮ ಮನೆಯಿಂದ ತರಿಸಿದ್ದ ಕೆಂಡದ ಮೇಲೆ ಹಿತ್ತಾಳೆಯ ತಟ್ಟೆ ಇಟ್ಟು, ಅದರಲ್ಲಿ ಚೂರನ್ನು ಮಾತ್ರ ಬೆಚ್ಚಗೆ ಮಾಡಿದರು. ಒಂದು ಹಾಳೆಯ ಮೇಲೆ ಹಗುರವಾದ ಬೂದಿ ಉದುರಿಸಿದರು. ಇಕ್ಕಳವನ್ನು ನೀಲಾಳ ಕೈಗೆ ಕೊಟ್ಟರು.

“ಇದನ್ನ ಕಂಡು ಹಿಡದಾಕಿ ನೀನು. ನೀನ ತೋರ್ಸು.”

ನೀಲಾ ಚೂರನ್ನು ಹಾಳೆಯ ಮೇಲೆ ತಂದಳು. ಎಲ್ಲರೂ ಉಸಿರು ಹಿಡಿದಿದ್ದರು. ಬೂದಿ ನಡುಗಿತು, ಎದ್ದಿತು, ಹಾರಿತು.

“ಹೋ!” ಎಂದು ಇಡೀ ವರ್ಗ ಕೂಗಿತು. ಹಿಂದಿನ ಸಾಲಿನವರು ಬೆಂಚು ಹತ್ತಿದರು. ಅವತ್ತು ಮಾಸ್ತರು ಯಾರನ್ನೂ ಇಳಿಯಿರಿ ಅನ್ನಲಿಲ್ಲ.

“ಇದರ ಹೆಸರು ಟೂರ್ಮಲಿನ್,” ಎಂದು ಅವರು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದರು. “ಬೆಚ್ಚಗ ಆದ್ರ ಒಂದು ನಮೂನಿ ವಿದ್ಯುತ್ತು ಇದರ ತುದಿಯೊಳಗ ಹುಟ್ಟತೈತಿ. ಹಿಂದಕ್ಕ ಡಚ್ ಮಂದಿ ಸಿಂಹಳದಿಂದ ಒಯ್ದು, ಇದಕ್ಕ ಬೂದಿ ಎಳಿಯೂ ಕಲ್ಲು ಅಂತಿದ್ರು. ನಾ ಧಾರವಾಡದಾಗ ಕರೀದು ನೋಡಿದ್ದೆ. ಇಷ್ಟು ಚಂದನ ಗುಲಾಬಿದು ನೋಡಾಕತ್ತಿದ್ದು ಇವತ್ತ ಮೊದಲು.”

“ಹಂಗಾರ ಇದು ಮಾಣಿಕ್ಯ ಅಲ್ಲೇನ್ರಿ ಸರ್?” ಎಂದು ಕೇಳಿದ ಮಧು.

“ಅಲ್ಲ.”

“ಹಂಗಾದ್ರ ರತ್ನಾನೂ ಅಲ್ಲೇನ್ರಿ? ಒಡೀತಲ್ರಿ, ಅದಕ್ಕ?”

“ರತ್ನನೇ. ಗೀರೂದು ಬ್ಯಾರೆ, ಒಡಿಯೂದು ಬ್ಯಾರೆ. ಸುತ್ತಿಗಿಲೆ ಹೊಡದ್ರ ವಜ್ರಾನೂ ಒಡೀತೈತಪಾ. ಹಂಗಂತ ಯಾರ ಮನಿ ವಜ್ರಾನೂ ಹೊಡಿಯಾಕ ಹೋಗಬ್ಯಾಡ.”

ಮಧು ತಲೆ ಕೆರೆದುಕೊಂಡು ಕುಳಿತ. ಗಿರಿಜಾ ಎದ್ದು ನಿಂತಳು. ಕೆಣಕುವ ದನಿಯಲ್ಲ, ಅವಳಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

“ಇಟಲಿ ರಾಜ ಕೊಟ್ಟಿದ್ದು ಖರೇನ ನೀಲಾ?”

ವರ್ಗದ ಕಣ್ಣುಗಳೆಲ್ಲ ನೀಲಾಳ ಕಡೆಗೆ, ಅಲ್ಲಿಂದ ಗೋಡೆಗೆ ಆತು ನಿಂತಿದ್ದ ಅಪ್ಪನ ಕಡೆಗೆ ತಿರುಗಿದವು. ಅವನು ತಲೆಯ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನೆಲ ನೋಡುತ್ತಿದ್ದ.

“ಇಲ್ಲ,” ಎಂದಳು ನೀಲಾ. “ಅದು ಸುಳ್ಳು. ನಾ ಕಟ್ಟಿ ಹೇಳಿದ್ದೆ. ಒಬ್ಬಾಕಿ ಅಜ್ಜಿ ಕೊಟ್ಟಾಳ. ಅಕಿ ಮೊಮ್ಮಗಗ ಜ್ವರ ಬಂದಿತ್ತು. ಹಿಮದಾಗ ನಿಂತಿದ್ಲು. ಹತ್ತಿಸ್ಕೋಬಾರದು ಅಂತ ಆರ್ಡರ್ ಇತ್ತು. ನಮ್ಮಪ್ಪ ಹತ್ತಿಸ್ಕೊಂಡ.”

ಅವಳು ನಿಲ್ಲಿಸಲಿಲ್ಲ. ಪಾತ್ರೆ ತಿಕ್ಕಿದ್ದನ್ನೂ ಹೇಳಿದಳು. ಥಂಡಿ ನೀರನ್ನೂ ಹೇಳಿದಳು. ಪನಿಶ್ಮೆಂಟ್ ಅನ್ನುವ ಮಾತು ಹೇಳುವಾಗ ಅವಳ ದನಿ ಇನ್ನೂ ಏರಿತು. ಇಡೀ ಪಲ್ಟಣಿನ ಪಾತ್ರೆ ತಿಕ್ಕಿದ ಇನ್ನೊಬ್ಬ ಅಪ್ಪ ಈ ವರ್ಗದಲ್ಲಿ ಯಾರಿಗಾದರೂ ಇದ್ದಾನೆಯೇ ಅಂತ ಕೇಳುವ ಹಾಗಿತ್ತು ಅವಳ ಮುಖ.

ಯಾರೂ ನಗಲಿಲ್ಲ.

“ಆ ಹುಡುಗ ಬದುಕಿದನೇನ್ರಿ?” ಎಂದು ಗಿರಿಜಾ ನೇರವಾಗಿ ಅಪ್ಪನನ್ನೇ ಕೇಳಿದಳು.

“ಬದುಕಿದ ತಂಗಿ,” ಎಂದ ಅಪ್ಪ. “ನಮ್ಮ ಬೀಡಾರಕ್ಕ ದಿನಾ ಬರ್ತಿದ್ದ. ಚಪಾತಿ ಕೊಟ್ರ ಸುರುಳಿ ಮಾಡ್ಕೊಂಡು ತುತ್ತೂರಿ ಊದಿದಂಗ ಊದಿ ಆಮ್ಯಾಲೆ ತಿಂತಿದ್ದ.”

ಆಗ ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಮಾಸ್ತರು ಅಪ್ಪನ ಹತ್ತಿರ ಹೋಗಿ ಕೈ ಮುಗಿದರು. ಅಪ್ಪ ಗಡಬಡಿಸಿ ತಾನೂ ಕೈ ಮುಗಿದ.

ಶಾಲೆ ಬಿಟ್ಟಾಗ ಲಾರಿ ಹೊರಗೆ ನಿಂತಿತ್ತು. ಗುಡ್ನಾಪುರದಿಂದ ಭತ್ತದ ಚೀಲ ತರುವುದಿತ್ತು. ಅಪ್ಪ ನೀಲಾಳನ್ನೂ ಮುಂದಿನ ಸೀಟಿಗೆ ಹತ್ತಿಸಿಕೊಂಡ. ಖಾಕಿ ಗಂಟು ಅವಳ ಮಡಿಲಲ್ಲಿತ್ತು.

ದೂರದಲ್ಲಿ ಗುಡ್ನಾಪುರದ ಕೆರೆಯ ಏರಿ ಕಂಡಿತು.

“ಅಪ್ಪಾ, ಆ ಹುಡುಗ ಈಗ ಎಷ್ಟು ದೊಡ್ಡಾವ ಆಗಿರಬೇಕು?”

“ಇಪ್ಪತ್ತು ದಾಟಿರ್ತಾನ. ಮೀಸಿ ಬಂದಿರ್ತಾವ.”

ನೀಲಾಳಿಗೆ ಆಶ್ಚರ್ಯವಾಯಿತು. ಅವಳ ಮನಸ್ಸಿನಲ್ಲಿ ಅವನು ಇನ್ನೂ ಚಪಾತಿ ಊದುವ ಪುಟ್ಟ ಹುಡುಗನಾಗಿಯೇ ಇದ್ದ. ಈಗ ಅವನೂ ಎಲ್ಲೋ ಗೆಳೆಯರ ನಡುವೆ ಕುಳಿತು ಹೇಳುತ್ತಿರಬಹುದು. ನಾನು ಸಣ್ಣವನಿದ್ದಾಗ ಹಿಮದಲ್ಲಿ ಒಬ್ಬ ಲಾರಿಯವನು ಬಂದಿದ್ದ, ಬಹಳ ದೂರದ ದೇಶದವನು ಅಂತ. ಅವನ ಗೆಳೆಯರು ನಂಬುತ್ತಾರೋ ಇಲ್ಲವೋ. ತೋರಿಸೋಣ ಅಂದರೆ ಕಲ್ಲು ಕೂಡ ಅವನ ಹತ್ತಿರ ಇಲ್ಲ.

“ಅವನಿಗೆ ನಿನ್ನ ಹೆಸರು ಗೊತ್ತೈತೇನು?”

“ಇಲ್ಲವಾ. ಯಾರು ಹೇಳಿದ್ರು ಅವರಿಗೆ?” ಅಪ್ಪ ಗೇರು ಬದಲಿಸಿದ. ಲಾರಿ ಏರಿಯ ಚಡಾವು ಹತ್ತತೊಡಗಿತು.

ಮಕ್ಕಳು ಅಪ್ಪನ ಹೆಸರು ಹಿಡಿದು ಕರೆಯುವಂತಿಲ್ಲ. ನೀಲಾ ಯಾವತ್ತೂ ಕರೆದವಳಲ್ಲ. ಅವಳು ಮುಖವನ್ನು ಕಿಟಕಿಯ ಹೊರಗೆ ಹಾಕಿದಳು. ಕೆರೆಯ ಗಾಳಿ ಕೂದಲನ್ನು ಹಿಂದಕ್ಕೆ ಹಾರಿಸಿತು. ಎಂಜಿನ್ನಿನ ಸದ್ದಿನಲ್ಲಿ ಪಕ್ಕದಲ್ಲಿ ಕುಳಿತವನಿಗೂ ಕೇಳಿಸದ ಹಾಗೆ, ಆ ದೂರದ ಹುಡುಗನಿಗೆ ಮಾತ್ರ ಹೇಳುವ ಹಾಗೆ, ಅವಳು ಬಿಡಿಸಿ ಬಿಡಿಸಿ ಹೇಳಿದಳು:

“ಅಂದಾನಪ್ಪ.”